ರತ್ನಮ್ಮನ ರೊಟ್ಟಿ ಬೇಯುವ ತನಕ

ಮೂರು ವರ್ಷದ ಹಿಂದೆ, ಜೂನಿನ ಮಿರ್ಗದ ಮಳೆ ಬೀಳುವ ಮುಂಚಿನ ಭಾನುವಾರ, ನಾನು ಪಾಸ್ಟರನಾಗಿ ಮೊದಲ ಸಲ ಎಕಂಬಾಕ್ಕೆ ಹೋಗಬೇಕಿತ್ತು. ಹಿಂದಿನ ದಿನ ಮಧ್ಯಾಹ್ನ ಊಟವಾದ ಮೇಲೆ ಒಂದು ಹಾಳೆ ತೆಗೆದುಕೊಂಡು, ಏನೇನು ಕೆಡಬಹುದು ಎಂದು ಬರೆಯುತ್ತ ಕೂತೆ. ಬೀದರ್‌ನಿಂದ ಔರಾದ್ ಬಸ್ಸು ಬರದೇ ಇರಬಹುದು. ಬಂದರೂ ದಾರಿಯಲ್ಲಿ ಕೆಟ್ಟು ನಿಲ್ಲಬಹುದು. ಆರಾಧನೆಯಲ್ಲಿ ರೊಟ್ಟಿ ಮುರಿದು ದ್ರಾಕ್ಷಿರಸದೊಡನೆ ಹಂಚುವ ಕರ್ತನ ಭೋಜನಕ್ಕೆಂದು ಹೆಂಡತಿ ಒಣದ್ರಾಕ್ಷಿ ಕುದಿಸಿ ಮಾಡಿಟ್ಟ ರಸ ಬಿಸಿಲಿಗೆ ಹುಳಿಯಾಗಿ, ಬಾಟಲಿಯ ಮುಚ್ಚಳ ಹಾರಿ, ಬಿಳಿ ನಿಲುವಂಗಿಯ ಮೇಲೆ ಚೆಲ್ಲಬಹುದು. ಆ ನಿಲುವಂಗಿ ನನಗಿಂತ ನಾಲ್ಕು ಬೆರಳು ಉದ್ದ. ಕಾಲಿಗೆ ಸಿಕ್ಕಿ ಎಲ್ಲರೆದುರು ಮುಗ್ಗರಿಸಬಹುದು. ಹನ್ನೊಂದು ಪುಟದ ಉಪದೇಶದಲ್ಲಿ ಆರನೆಯ ಪುಟ ಮನೆಯಲ್ಲೇ ಉಳಿಯಬಹುದು. ಕನ್ನಡಕ ಮರೆಯಬಹುದು. ಹೊಟ್ಟೆ ಕೆಡಬಹುದು. ಯಾರೂ ಬರದೇ ಇರಬಹುದು. ಎಲ್ಲರೂ ಬರಬಹುದು, ಅದು ಇನ್ನೂ ಕಷ್ಟ.

ಹೀಗೆ ಹದಿನಾರು ಆದವು. ಹದಿನೇಳನೆಯದು ಇದು: ರತ್ನಮ್ಮ ಎಂಬ ಹೆಂಗಸು ಆರಾಧನೆಯ ನಡುವೆ ಎದ್ದು ನಿಂತು, ಇವನು ಯಾರೆಂದು ನಿಮಗೆ ಗೊತ್ತೇ ಎಂದು ಕೇಳಬಹುದು. ಖರೆ ಹೇಳಬೇಕೆಂದರೆ, ಮೊದಲಿನ ಹದಿನಾರನ್ನೂ ಈ ಹದಿನೇಳನೆಯದನ್ನು ಬರೆಯುವುದು ತಡವಾಗಲಿ ಎಂದೇ ಬರೆದಿದ್ದೆ.

ನನ್ನ ಹೆಂಡತಿ ಸುಮಿತ್ರಾ ಸ್ಟಾಫ್ ನರ್ಸ್. ಡ್ಯೂಟಿಗೆ ಹೊರಟವಳು ಹಾಳೆಯ ಮೇಲೆ ಕಣ್ಣಾಡಿಸಿ, "ಭೂಕಂಪ ಒಂದು ಬಿಟ್ಟೀರಿ ನೋಡ್ರಿ," ಎಂದಳು. ಬರೆಯಲೇ ಎಂದು ಒಂದು ಗಳಿಗೆ ಯೋಚಿಸಿದೆ ಕೂಡ.

ನಾನು ಹುಟ್ಟು ಮೆಥಡಿಸ್ಟ್. ಅಜ್ಜ ಮಿಷನ್ ಕಾಲದ ಸಾಲಿಯಲ್ಲಿ ಮಾಸ್ತರರಾಗಿದ್ದರು, ತಾಯಿ ನರ್ಸಾಗಿದ್ದರು. ನೌಬಾದದ ನಮ್ಮ ಮನೆಯಿಂದ ಭಾನುವಾರ ಚರ್ಚಿಗೆ ಹೋಗುವುದು, ಸೋಮವಾರದಿಂದ ಕೋರ್ಟಿಗೆ ಹೋಗುವುದು. ಎರಡಕ್ಕೂ ಒಂದೇ ಬಿಳಿ ಅಂಗಿ. ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ ನಾನು ಬೇಲಿಫ್ ಆಗಿದ್ದೆ. ಕೋರ್ಟು ಹೇಳಿದ್ದನ್ನು ಜನರ ಬಾಗಿಲಿಗೆ ಮುಟ್ಟಿಸುವವನು. ಸಮನ್ಸ್ ಕೊಡುವುದು, ನೋಟಿಸ್ ಅಂಟಿಸುವುದು, ಮನೆ ಖಾಲಿ ಮಾಡಿಸಿ ಗೆದ್ದವರ ಕೈಗೆ ಕೊಡುವುದು. ಒಂದು ಕಪ್ಪು ಚರ್ಮದ ಚೀಲವಿತ್ತು. ಬೀದರ್, ಭಾಲ್ಕಿ, ಔರಾದ್ ಸೀಮೆಯಲ್ಲಿ ನನ್ನ ಮುಖಕ್ಕಿಂತ ಆ ಚೀಲ ಹೆಚ್ಚು ಜನಕ್ಕೆ ಪರಿಚಯ. ಅದು ಓಣಿಯಲ್ಲಿ ಕಂಡರೆ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಎಲ್ಲದಕ್ಕೂ ಹೆದರುವ ಮನುಷ್ಯನಾದ ನನಗೆ, ಜನ ನನಗೇ ಹೆದರುವುದು, ಸುಳ್ಳು ಹೇಳಬಾರದು, ಹಿತವಾಗಿಯೇ ಇತ್ತು.

ಆ ಕೆಲಸ ಬಿಡಿಸಿದ್ದು ಭಾತಂಬ್ರಾದ ಒಂದು ಮನೆ. ಭಾಲ್ಕಿಯಲ್ಲಿ ಬಸ್ಸಿಳಿದು, ದೇವಪ್ಪ ಎಂಬ ಮುದುಕರಿಗೆ ಹೊಲದ ದಾರಿಯ ತಕರಾರಿನ ಸಮನ್ಸ್ ಕೊಡಲು ಹೋಗಿದ್ದೆ. ಬಾಗಿಲಲ್ಲಿ ನಿಂತಿದ್ದ ಸೊಸೆ ನನ್ನ ಬಿಳಿ ಅಂಗಿ, ಕಪ್ಪು ಚೀಲ ನೋಡಿದ್ದೇ ಸೆರಗು ಸರಿಮಾಡಿಕೊಂಡು ಒಳಗೆ ಕೂಗಿದಳು: "ಮಾವಾ, ಪಾಸ್ಟರ್ ಸಾಬ್ ಬಂದ್ರು."

ಆ ಊರಿಗೆ ಹೊಸ ಪಾಸ್ಟರ್ ಬಂದಿದ್ದರಂತೆ. ಹಾಸಿಗೆ ಹಿಡಿದಿದ್ದ ಮಾವನ ಮನೆಗೆ ಅಂದೇ ಬರುವೆನೆಂದು ಹೇಳಿಕಳಿಸಿದ್ದರಂತೆ. ನಾನು ಅಲ್ಲವ್ವಾ ಎನ್ನಬೇಕಿತ್ತು. ಎನ್ನುವಷ್ಟರಲ್ಲಿ ಚಾಪೆ ಹಾಸಿ, ನೀರು ಕೊಟ್ಟು, ಇಬ್ಬರು ಮೂವರು ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಮೊಣಕಾಲೂರಿ ಆಗಿತ್ತು. ಮುದುಕರು ನನ್ನ ಕೈ ಹಿಡಿದುಕೊಂಡರು. ಆ ಕೈ ಹೊಲದ ಹೆಂಟೆಯ ಹಾಗೆ ಒಣಗಿತ್ತು. ನಾನು ಪ್ರಾರ್ಥನೆ ಮಾಡಿದೆ. ಚಿಕ್ಕಂದಿನಿಂದ ಕೇಳಿ ಬಾಯಿಗೆ ಬಂದ ಮಾತುಗಳೇ. ನಡುವೆ ಎಲ್ಲೋ ಅವು ಬಾಯಿಪಾಠ ಅನ್ನಿಸುವುದು ನಿಂತುಹೋಯಿತು.

ಕಣ್ಣು ತೆರೆದ ಮೇಲೆ ಬೇರೆ ದಾರಿಯಿರಲಿಲ್ಲ. ಚೀಲದಿಂದ ಸಮನ್ಸ್ ತೆಗೆದೆ. ಸೊಸೆಯ ಮುಖ ಸುಣ್ಣದ ಗೋಡೆಯ ಹಾಗಾಯಿತು. ಮುದುಕರು ಮಾತ್ರ ಕಾಗದ ತಿರುಗಿಸಿ ನೋಡಿ, ಹೆಬ್ಬೆಟ್ಟು ಒತ್ತಿ, ಸಣ್ಣಗೆ ನಕ್ಕರು.

"ಪ್ರಾರ್ಥನಾ ಮಾಡುವಾಗ ನಿಮ್ಮ ಕೈ ನಡುಗ್ಲತ್ತಿತ್ತು ಸಾಹೇಬ್ರ. ಈ ಕಾಗದ ಕೊಡುವಾಗ ನಡುಗಲಿಲ್ಲ. ಯಾಕ್ರಿ?"

ನಾನು ಶಾಯಿಯ ಪ್ಯಾಡನ್ನು ಚೀಲಕ್ಕೆ ಹಾಕತೊಡಗಿದೆ.

"ನನಗ ಹೇಳಬ್ಯಾಡ್ರಿ. ಮನಿಗಿ ಹೋಗಿ ವಿಚಾರ ಮಾಡ್ರಿ," ಎಂದರು.

ವಿಚಾರ ಮಾಡುವುದು ನನಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಒಂದೂವರೆ ವರ್ಷ ಮಾಡಿದೆ. ಸುಂಕದ ಕಟ್ಟೆಯಲ್ಲಿ ಕೂತಿದ್ದವನೊಬ್ಬನನ್ನು ಯೇಸುಸ್ವಾಮಿ ಕರೆದರು, ಅವನು ಎದ್ದು ಹಿಂದೆ ಹೋದ ಎಂದು ಸಂಡೇ ಸ್ಕೂಲಿನಲ್ಲಿ ಓದಿದ್ದೆ. ಅವನು ಎಷ್ಟು ಹೊತ್ತು ಯೋಚಿಸಿದ ಎಂದು ಅಲ್ಲಿ ಬರೆದಿಲ್ಲ. ಹೆಂಡತಿಯನ್ನು ಕೇಳಿದನೋ ಇಲ್ಲವೋ ಅದೂ ಇಲ್ಲ. ನಾನು ಕೇಳಿದೆ. ಸುಮಿತ್ರಾ ಬಟ್ಟೆ ಮಡಚುತ್ತಿದ್ದಳು. "ಭಾತಂಬ್ರಾದಿಂದ ಬಂದ ದಿನದಿಂದ ನೀವು ಉಣ್ಣೂದು ಅರ್ಧ ಆಗ್ಯಾದ. ಹೋಗ್ರಿ, ಕರದಾನ ಅಂದ ಮ್ಯಾಲ ಹೋಗ್ರಿ. ಮನಿ ನಾ ನೋಡ್ಕೋತೇನಿ," ಎಂದಳು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಖಾದರ್ ಸಾಬರು ಸ್ವಯಂ ನಿವೃತ್ತಿಯ ಅರ್ಜಿಯನ್ನು ಎರಡು ಸಲ ಓದಿ, "ಮಾಲಿಕ್ ಕರದಾನ ಅಂದ್ರ ಹೋಗಲೇಬೇಕು ಭಾಯ್. ಆದ್ರ ವಾಯಿದೆ ಕೇಳಿ ನೋಡಬಾರದೇನು? ನಮ್ಮ ಕೋರ್ಟಿನ್ಯಾಗ ಎಲ್ಲಾರಿಗೀ ಸಿಗ್ತದ," ಎಂದರು. ಕಣ್ಣು ಒದ್ದೆಯಾಗಿತ್ತು ಅವರದು. ಬೀಳ್ಕೊಡುವ ದಿನ ಚೀಲ ಬಿಟ್ಟು ಹೋಗು ಎಂದು ಎಲ್ಲರೂ ತಮಾಷೆ ಮಾಡಿದರು. ನಾನು ಬಿಡಲಿಲ್ಲ. ಸ್ವಂತ ಚೀಲ, ಹೊಲಿಗೆ ಇನ್ನೂ ಗಟ್ಟಿಯಿತ್ತು.

ಎರಡು ವರ್ಷ ಓದಿ, ಪರೀಕ್ಷೆ ಕೊಟ್ಟು, ಹಿರಿಯ ಪಾಸ್ಟರೊಬ್ಬರ ಕೈಕೆಳಗೆ ಕಲಿತೆ. ಆಮೇಲೆ ಹಳ್ಳಿಯ ಒಂದು ಸಭೆ ನಡೆಸಲು, ಕರ್ತನ ಭೋಜನ ಕೊಡಲು ಅನುಮತಿ ಸಿಕ್ಕಿತು. ನಮ್ಮಲ್ಲಿ ಯಾರು ಯಾವ ಊರಿಗೆ ಎಂಬುದು ವರ್ಷಕ್ಕೊಮ್ಮೆ ಸೇರುವ ದೊಡ್ಡ ಸಭೆಯ ಕಡೆಯ ದಿನ ಓದಿ ಹೇಳುವವರೆಗೆ ಯಾರಿಗೂ ತಿಳಿಯುವುದಿಲ್ಲ. ಊರು ಆರಿಸಿಕೊಳ್ಳುವ ಪದ್ಧತಿಯಿಲ್ಲ. ಜಿಲ್ಲೆಯಲ್ಲಿ ಅಷ್ಟು ಹಳ್ಳಿಗಳಿವೆ, ನನ್ನ ಹೆಸರಿನ ಮುಂದೆ ಬಂದದ್ದು ಎಕಂಬಾ.

ಎಕಂಬಾಕ್ಕೆ ನಾನು ಮೊದಲೊಮ್ಮೆ ಹೋಗಿದ್ದೆ. ಅದಕ್ಕೆ ಹದಿನಾಲ್ಕು ವರ್ಷವಾಗಿತ್ತು. ಅಣ್ಣತಮ್ಮಂದಿರ ಪಾಲಿನ ದಾವೆ. ತಮ್ಮ ತೀರಿಕೊಂಡಿದ್ದ, ಅವನ ಹೆಂಡತಿ ರತ್ನಮ್ಮ ಮನೆಯಲ್ಲಿದ್ದಳು. ಮನೆ ಅಣ್ಣನಿಗೆ, ಊರಂಚಿನ ದನದ ಕೊಟ್ಟಿಗೆ ಮತ್ತು ಹೊಲದ ಒಂದು ಪಾಲು ಇವಳಿಗೆ ಎಂದು ತೀರ್ಪಾಗಿತ್ತು. ಮನೆ ಖಾಲಿ ಮಾಡಿಸಿ ಅಣ್ಣನ ಕೈಗೆ ಕೊಡುವುದು ನನ್ನ ಕೆಲಸ. ಪಾತ್ರೆ, ಹಾಸಿಗೆ, ಜೋಳದ ಚೀಲ, ಎಲ್ಲ ಹೊರಗೆ ಬಂದವು. ರತ್ನಮ್ಮ ಅಳಲಿಲ್ಲ, ಜಗಳ ಮಾಡಲಿಲ್ಲ. ಕಡೆಗೆ ಒಲೆಯ ಮುಂದೆ ಕೂತು, ಹಂಚಿನ ಮೇಲೆ ಒಂದು ಜೋಳದ ರೊಟ್ಟಿ ಹಾಕಿದಳು.

"ಇದೊಂದು ರೊಟ್ಟಿ ಬೇಯೋ ತನಕ ತಡೀರಿ ಸಾಹೇಬ್ರ. ನನ್ನ ಒಲಿ ಮ್ಯಾಲಿನ ಆಖ್ರಿ ರೊಟ್ಟಿ," ಎಂದಳು.

ನಾನು ಗಡಿಯಾರ ನೋಡಿದೆ. ಒಂದೂವರೆಗೆ ಔರಾದ್ ಬಸ್ಸು. ಅದು ಹೋದರೆ ಮುಂದಿನದು ಐದಕ್ಕೆ. ಕೂಲಿಯವನಿಗೆ ಹೇಳಿ ಒಲೆಗೆ ನೀರು ಹಾಕಿಸಿದೆ. ಸುಯ್ಯೆಂದು ಹೊಗೆ ಎದ್ದಿತು. ಒಂದು ಮಗ್ಗುಲು ಹಸಿಯಾಗಿದ್ದ ರೊಟ್ಟಿಯನ್ನು ಅವಳು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ನಡೆದಳು. ಕೋರ್ಟಿನ ಆದೇಶದಲ್ಲಿ ಒಲೆಯ ಮಾತಿರಲಿಲ್ಲ. ಅದು ನನ್ನದೇ ಆದೇಶ. ನಿಲ್ದಾಣ ಮುಟ್ಟಿದಾಗ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಆ ಹತ್ತು ನಿಮಿಷ ನಾನು ಹುರಿದ ಶೇಂಗಾ ತಿಂದೆ.

ನೇಮಕದ ಸುದ್ದಿ ತಿಳಿದ ದಿನ ಊರು ಬದಲಿಸಲು ಕೇಳಲೇ ಎಂದು ಸುಮಿತ್ರಾಳ ಮುಂದೆ ಅಂದೆ. "ಕೆಲಸ ಬಿಟ್ಟೀರಿ, ಅದು ಸುಲಭ ಇತ್ತು," ಎಂದಳು. "ಬಿಟ್ಟಿದ್ದು ಎದುರಿಗಿ ಬಂದು ನಿಂತರ ಏನು ಮಾಡ್ತೀರಿ ಅಂತ ಈಗ ನೋಡಬೇಕು."

ಇಷ್ಟು ಹಿಂದಿನದು. ಆ ಭಾನುವಾರ ಬಸ್ಸು ಬಂತು. ಕೆಡಲಿಲ್ಲ. ಬಾಟಲಿ ಸೋರಲಿಲ್ಲ, ಔರಾದ್‌ನಲ್ಲಿ ಒಮ್ಮೆ, ಅದರ ಮುಂದೆ ಮೂರು ಸಲ ಮುಟ್ಟಿ ನೋಡಿದೆ. ಎಕಂಬಾದ ಚರ್ಚು ಎಂದರೆ ಹೆಂಚಿನ ಒಂದು ಉದ್ದನೆಯ ಕೋಣೆ. ಮುಂದೆ ಬೇವಿನ ಮರ, ಮರಕ್ಕೆ ಕಟ್ಟಿದ ಕಬ್ಬಿಣದ ತುಂಡೇ ಗಂಟೆ. ಸಭೆಯ ಹಿರಿಯ ಸಾಮುವೇಲಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಆಗ ಮೀಸಿ ಇದ್ದವು ನಿಮಗ," ಎಂದರು.

"ಹೌದ್ರಿ," ಎಂದೆ.

"ಊರಾಗ ಭಾಳ ಮಂದಿಗಿ ನೆನಪಿಲ್ಲ. ನನಗದ. ಆಕಿಗಿ ಅದ." ಆಮೇಲೆ ದನಿ ತಗ್ಗಿಸಿ, "ಮತ್ತ ಇವತ್ತ ರೊಟ್ಟಿ ಪಾಳಿ ಆಕೀದೇ ಅದ," ಎಂದರು.

ಕರ್ತನ ಭೋಜನಕ್ಕೆ ಅಲ್ಲಿ ಅಂಗಡಿಯ ಬ್ರೆಡ್ ತರುವುದಿಲ್ಲ. ತಿಂಗಳ ಮೊದಲ ಭಾನುವಾರ ಒಂದು ಮನೆಯವರು ಉಪ್ಪಿಲ್ಲದ ಗೋಧಿ ರೊಟ್ಟಿ ಮಾಡಿ ತರಬೇಕು, ಬೆಳಿಗ್ಗೆಯೇ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲೆ ಇಟ್ಟಿರಬೇಕು. ಅಂದು ಪಾಸ್ಟರರ ಊಟವೂ ಅದೇ ಮನೆಯಲ್ಲಿ. ಮೇಜು ನೋಡಿದೆ. ಬಿಳಿ ಬಟ್ಟೆ, ಬಟ್ಟಲು. ರೊಟ್ಟಿ ಇರಲಿಲ್ಲ. ಸಭೆಯಲ್ಲಿ ರತ್ನಮ್ಮನೂ ಇರಲಿಲ್ಲ.

ಹನ್ನೊಂದಕ್ಕೆ ಗಂಟೆ ಬಾರಿಸಿದರು. ಹಾಡು, ಪ್ರಾರ್ಥನೆ, ಪಾಠ, ಉಪದೇಶ. ಹನ್ನೊಂದು ಪುಟವೂ ಇದ್ದವು. ನಾನೇ ಐದು ಪುಟ ಹಾರಿಸಿದೆ. ಮುಗಿದಾಗಲೂ ಮೇಜು ಖಾಲಿ. ತೆರೆದ ಬಾಗಿಲಿನಿಂದ ನೂರು ಹೆಜ್ಜೆಯಾಚೆ ರತ್ನಮ್ಮನ ಮನೆ ಕಾಣುತ್ತಿತ್ತು. ಆ ಕೊಟ್ಟಿಗೆಯೇ ಈಗ ಮನೆ. ಸೂರಿನ ಮೇಲೆ ತೆಳ್ಳನೆಯ ಹೊಗೆ ಏಳುತ್ತಿತ್ತು.

ಸಾಮುವೇಲಪ್ಪ ಒಬ್ಬ ಹುಡುಗಿಯನ್ನು ಓಡಿಸಿದರು. ಅವಳು ತಿರುಗಿ ಬಂದು, "ಈಗ ಹಿಟ್ಟು ನಾದ್ಲತ್ತಾಳ್ರಿ ಆಯಿ. ಹೊತ್ತಾಗ್ತದಂತ," ಎಂದಳು.

ಸಭೆಯಲ್ಲಿ ಗುಸುಗುಸು ಎದ್ದಿತು. ಮುಂದೆ ಕೂತಿದ್ದ ಮುದುಕಿಯೊಬ್ಬಳು, "ಮೊದಲನೇ ದಿನಾನೇ ಉಪಾಸ ಕೆಡವ್ತೀರೇನ್ರಿ ಪಾಸ್ಟರ್ ಸಾಬ್?" ಎಂದಳು. ಕೆಲವರು ನಕ್ಕರು. ನನ್ನ ಚೀಲದಲ್ಲಿ ಬೀದರ್‌ನ ಬೇಕರಿಯ ಒಂದು ಬ್ರೆಡ್ ಪ್ಯಾಕೆಟ್ ಇತ್ತು. ನನ್ನಂಥವನು ಹಾಗೆ ಬರಿಗೈಯಲ್ಲಿ ಬರುತ್ತಾನೆಯೇ? ಕೈ ತಾನಾಗಿಯೇ ಚೀಲದ ಕಡೆ ಹೋಯಿತು, ಅರ್ಧ ಹೊರಗೂ ತೆಗೆದೆ.

ಸಾಮುವೇಲಪ್ಪ ಪಕ್ಕಕ್ಕೆ ಬಂದರು. "ನಿಮ್ಮ ಮರ್ಜಿ," ಎಂದರು. "ಆದ್ರ ಪಾಳಿ ಇದ್ದೋರ ರೊಟ್ಟಿ ಬಿಟ್ಟು ಬ್ಯಾರೇದು ಮುರದ್ರ, ಆ ಮನಿ ಸಭಾದಾಗಿಂದ ತಗದಂಗ ಲೆಕ್ಕ ನಮ್ಮಲ್ಲಿ. ಹಂಗ ಇದುವರಿಗಿ ಯಾರೂ ಮಾಡಿಲ್ಲ."

ಪ್ಯಾಕೆಟ್ ನನ್ನ ಕೈಯಲ್ಲಿ ಪರಪರ ಎನ್ನುತ್ತಿತ್ತು. ಎಲ್ಲರೂ ನೋಡುತ್ತಿದ್ದರು. ನಾನು ಅದನ್ನು ತಿರುಗಿ ಚೀಲದಲ್ಲಿ ತುರುಕಿದೆ.

"ರತ್ನಮ್ಮನವರ ರೊಟ್ಟಿ ಬೇಯುವ ತನಕ ಕಾಯೋಣ್ರಿ," ಎಂದೆ.

"ಯಾಕ? ಬ್ರೆಡ್ ಅದಲ್ಲ," ಎಂದಳು ಆ ಮುದುಕಿ.

ಯಾಕೆ ಎಂಬುದನ್ನು ಹೇಳದೆ ಇರಬಹುದಿತ್ತು. ಪದ್ಧತಿ ಎಂದಿದ್ದರೆ ಮುಗಿಯುತ್ತಿತ್ತು. ಹದಿನೇಳನೆಯದನ್ನು ಯಾರಾದರೂ ಎದ್ದು ಹೇಳುವ ತನಕ ಹೆದರುತ್ತ ನಿಂತಿರುವುದಕ್ಕಿಂತ ನಾನೇ ಹೇಳುವುದು ಕಡಿಮೆ ಹೆದರಿಕೆಯದು ಎಂದು ಆ ಕ್ಷಣಕ್ಕೆ ಅನ್ನಿಸಿತು. ಧೈರ್ಯ ಎಂದು ತಿಳಿಯಬೇಡಿ. ಹದಿನಾಲ್ಕು ವರ್ಷದ ಹಿಂದೆ ಇದೇ ಊರಿಗೆ ಬೇಲಿಫ್ ಆಗಿ ಬಂದವನು ನಾನು, ಅವರ ಒಲೆಗೆ ನೀರು ಹಾಕಿಸಿದವನು ನಾನು, ಬಸ್ಸಿಗೆ ಹೊತ್ತಾಗುತ್ತದೆ ಎಂದು ಹಾಗೆ ಮಾಡಿದೆ ಎಂದು ಹೇಳಿದೆ. ನಾಲ್ಕೇ ಮಾತು. ಉಪದೇಶಕ್ಕಿಂತ ಚಿಕ್ಕದು.

ಹಿಂದಿನ ಸಾಲಿನಿಂದ ಒಬ್ಬ ಗಂಡಸು ಎದ್ದು ಹೊರಗೆ ಹೋದ. ರತ್ನಮ್ಮನ ಭಾವನ ಮಗ, ಆ ಮನೆ ಸಿಕ್ಕಿದ ಅಣ್ಣನ ಮಗ ಎಂದು ಆಮೇಲೆ ತಿಳಿಯಿತು. ಮುದುಕಿ ನನ್ನ ಮೇಲಿಂದ ಕಣ್ಣು ತೆಗೆದು, ಢೋಲಕಿನವನ ಕಡೆ ತಿರುಗಿ, "ಸುಮ್ಮ ಯಾಕ ಕುಂತೀದಿ? ಬಾರಸು," ಎಂದಳು. ಹಾಡು ಶುರುವಾಯಿತು. ಒಂದು ಮುಗಿದರೆ ಇನ್ನೊಂದು. ಮಕ್ಕಳು ಆಕಳಿಸಿದರು, ಕೆಲವು ತಾಯಂದಿರ ತೊಡೆಯ ಮೇಲೆ ಮಲಗಿದವು. ಮತ್ಯಾರೂ ಎದ್ದು ಮನೆಗೆ ಹೋಗಲಿಲ್ಲ. ನಾನು ಬಾಗಿಲಿನಾಚೆಯ ಆ ಹೊಗೆಯನ್ನೇ ನೋಡುತ್ತ ನಿಂತೆ. ಒಂದು ರೊಟ್ಟಿ ಬೇಯಲು ಎಷ್ಟು ಹೊತ್ತು ಬೇಕು ಎಂದು ಆವತ್ತಿಗೂ ಮುಂಚೆ ನಾನು ಎಂದೂ ಗಮನಿಸಿರಲಿಲ್ಲ.

ಕಡೆಗೆ ಅವಳು ಬಂದಳು. ತಲೆ ನರೆತಿತ್ತು, ನಡಿಗೆ ಮಾತ್ರ ಅದೇ. ಎರಡೂ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಹಾಡು ತಾನಾಗಿಯೇ ನಿಂತಿತು. ನೇರ ಮೇಜಿನ ಬಳಿ ಬಂದು, ಮೊದಲು ನನ್ನನ್ನಲ್ಲ, ಮೇಜಿನ ಕೆಳಗಿದ್ದ ಕಪ್ಪು ಚೀಲವನ್ನು ನೋಡಿದಳು.

"ಚೀಲ ಅದೇ ಅದ," ಎಂದಳು. "ಒಳಗಿಂದು ಬದಲಿ ಆಗ್ಯಾದೇನ್ರಿ?"

"ಆಗಲಿ ಅಂತ ಬಂದೀನಿ ತಾಯಿ," ಎಂದೆ.

"ಗಂಟಿ ಬಡದ ಮ್ಯಾಲೂ ನಾ ಬೇಕಂತೇ ಸುಮ್ಮ ಕುಂತಿದ್ದೆ. ಎಷ್ಟು ಹೊತ್ತು ತಡೀತೀರಿ, ನೋಡಬೇಕಿತ್ತು ನನಗ." ರೊಟ್ಟಿಯನ್ನು ನನ್ನ ಕೈಗಿಟ್ಟಳು. "ಎರಡೂ ಮಗ್ಗಲ ಬೆಂದಾದ. ನೋಡಿಕೊಳ್ರಿ."

ರೊಟ್ಟಿ ಕೈ ಸುಡುತ್ತಿತ್ತು. ಅದನ್ನು ಎತ್ತಿ ಹಿಡಿದು ಮುರಿಯುವಾಗ ನನ್ನ ಕೈ ನಡುಗುತ್ತಿದ್ದುದು ಹಿಂದಿನ ಸಾಲಿನವರಿಗೂ ಕಂಡಿರಬೇಕು. ಭಾತಂಬ್ರಾದ ದೇವಪ್ಪನವರು ನೆನಪಾದರು. ನಾನು ಸಮನ್ಸ್ ಕೊಟ್ಟ ವರ್ಷವೇ ಅವರು ತೀರಿಕೊಂಡಿದ್ದರು, ಅವರಿಗೆ ಉತ್ತರ ಹೇಳಲು ನನಗೆ ಆಗಲಿಲ್ಲ.

ಜನ ಸಾಲಾಗಿ ಬಂದು ಚಾಪೆಯ ಮೇಲೆ ಮೊಣಕಾಲೂರಿದರು. ರತ್ನಮ್ಮ ಕಡೆಯ ಸಾಲಿಗೆ ಬಂದಳು. ಅಂಗೈ ಮುಂದೆ ಚಾಚಿದಳು. ನಾನು ಅದರಲ್ಲಿ ರೊಟ್ಟಿಯ ತುಂಡು ಇಡುವಾಗಲೇ ದೂರದ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಎರಡು ಸಲ. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಗಡಿಯಾರ ನೋಡಲಿಲ್ಲ. ಅವಳು ಕಣ್ಣು ಮುಚ್ಚಿ ತುಂಡನ್ನು ಬಾಯಿಗಿಟ್ಟುಕೊಂಡಳು.

ಆರಾಧನೆ ಮುಗಿದ ಮೇಲೆ ಪದ್ಧತಿಯಂತೆ ಅವಳ ಮನೆಗೇ ಊಟಕ್ಕೆ ಹೋದೆ. ಬಾಗಿಲಲ್ಲಿ ನಿಂತು, ತಾಯಿ, ನನ್ನದು ತಪ್ಪಾಯಿತು ಎಂದು ಶುರು ಮಾಡಿದೆ. ಅವಳು ಕೈ ಅಡ್ಡ ಮಾಡಿದಳು.

"ಅದು ಸಭಾದಾಗ ಹೇಳೀರಂತ, ಹುಡುಗಿ ಮತ್ತ ಓಡಿ ಬಂದು ಹೇಳಿದಳು. ಮಾಫಿದು ನನಗೂ ದೇವರಿಗೂ ಇನ್ನಾ ಮಾತುಕತಿ ನಡದದ. ನೀವು ನಡುವ ಬರಬ್ಯಾಡ್ರಿ. ಕೈ ತೊಳೀರಿ," ಎಂದು ಪುಂಡಿಪಲ್ಯ, ಜೋಳದ ರೊಟ್ಟಿ ಬಡಿಸಿದಳು. ಮತ್ತೊಂದು ರೊಟ್ಟಿ ಹಂಚಿನ ಮೇಲೆ ಹಾಕಿದಳು. ಅದು ಉಬ್ಬುವುದನ್ನು ಇಬ್ಬರೂ ನೋಡಿದೆವು.

ಆ ಮಾತುಕತೆ ಮುಗಿಯಿತೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ. ಮೂರು ವರ್ಷದಿಂದ ಅವಳ ಪಾಳಿ ಬಂದಾಗ ಗಂಟೆಗೆ ಮೊದಲೇ ರೊಟ್ಟಿ ಮೇಜಿನ ಮೇಲಿರುತ್ತದೆ. ಕಾಯುವುದನ್ನು ಕಲಿತೆ ಎಂದು ಹೇಳಿಕೊಳ್ಳಲು ಇಷ್ಟ, ಆದರೆ ಸುಮಿತ್ರಾ ಇದನ್ನು ಓದಿದರೆ ನಗುತ್ತಾಳೆ. ಈಗಲೂ ಪ್ರತಿ ಶನಿವಾರ ಪಟ್ಟಿ ಬರೆಯುತ್ತೇನೆ. ಕಪ್ಪು ಚೀಲದ ಹೊಲಿಗೆ ಒಂದು ಕಡೆ ಬಿಟ್ಟಿದೆ, ಅದೂ ಈಗ ಪಟ್ಟಿಯಲ್ಲಿದೆ.

ಆ ಮೊದಲ ಭಾನುವಾರದ ಹಾಳೆ ನನ್ನ ಸತ್ಯವೇದದೊಳಗೆ ಇನ್ನೂ ಇದೆ. ಹದಿನೇಳರಲ್ಲಿ ಒಂದೂ ನಾನು ಬರೆದ ಹಾಗೆ ಆಗಲಿಲ್ಲ. ನಿಲುವಂಗಿ ಕಾಲಿಗೆ ಸಿಗಲಿಲ್ಲ, ಕನ್ನಡಕ ಮೂಗಿನ ಮೇಲೇ ಇತ್ತು, ರಸ ಸಿಹಿಯಾಗಿಯೇ ಇತ್ತು. ಕೆಟ್ಟದ್ದು ಒಂದೇ ಒಂದು, ಅದನ್ನು ಬರೆಯಲು ನನಗೆ ಹೊಳೆದೇ ಇರಲಿಲ್ಲ: ಒಂದೂವರೆಯ ಬಸ್ಸು ತಪ್ಪಿತು.